ಎಷ್ಟಕ್ಕ ತಗೊಂಡ್ರಿ?

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ಚಟ. ಯಾರಾದರೂ ಹೊಸ ಸೀರೆ ಉಟ್ಟು ಎದುರಿಗೆ ಬಂದರೆ ಸಾಕು, "ಚಂದ ಅದ" ಅನ್ನುವ ಮೊದಲೇ ಸೆರಗು ಹಿಡಿದು, ಎರಡು ಬೆರಳ ನಡುವೆ ತಿಕ್ಕಿ, "ಎಷ್ಟಕ್ಕ ತಗೊಂಡ್ರಿ?" ಎಂದು ಕೇಳುತ್ತೇವೆ. ಉಟ್ಟವಳೂ ಕಡಿಮೆಯವಳಲ್ಲ. ಕೊಟ್ಟದ್ದಕ್ಕಿಂತ ನೂರು ರೂಪಾಯಿ ಇಳಿಸಿಯೇ ಹೇಳುತ್ತಾಳೆ. ದೊಡ್ಡ ಊರುಗಳಲ್ಲಿ ಬೆಲೆ ಏರಿಸಿ ಹೇಳುವುದು ದೊಡ್ಡಸ್ತಿಕೆಯಂತೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಕಡಿಮೆ ಕೊಟ್ಟು ಚಲೋದು ತಂದವಳೇ ಜಾಣೆ.

ಹೋದ ವರ್ಷ ನಮ್ಮ ಶಾಲೆಯ ಒಬ್ಬ ಹೊಸ ಟೀಚರು ಮೊಬೈಲಿನಲ್ಲಿ ನೋಡಿ 699 ರೂಪಾಯಿಗೆ "ಡಿಸೈನರ್ ಇಳಕಲ್" ತರಿಸಿದಳು. ಪಾರ್ಸಲ್ಲು ಸ್ಟಾಫ್ ರೂಮಿಗೇ ಬಂತು. ಎಲ್ಲರೂ ಸುತ್ತುವರಿದರು. ನಾನು ಸುಮ್ಮನೆ ಸೆರಗನ್ನು ತಿರುವಿ ಹಿಂಬದಿ ನೋಡಿದೆ. ಮೈಯೂ ಸೆರಗೂ ಒಂದೇ ಹಾಸಿನಲ್ಲಿ ಹಾಯ್ದು ಹೋಗಿತ್ತು. ಕೆಂಪು ಬಿಳಿ ತೆನೆಗಳು ಬರೀ ಅಚ್ಚು ಒತ್ತಿದವು. "ಇದು ಇಳಕಲ್ ಅಲ್ಲವ್ವ, ಇಳಕಲ್ಲಿನ ಫೋಟೋ" ಅಂದೆ. ಎಲ್ಲರೂ ನಕ್ಕರು. ಆ ಹುಡುಗಿಯ ಮುಖ ಮಾತ್ರ ಸಣ್ಣದಾಯಿತು. "ಮೇಡಮ್, ನಿಮಗ ಹೆಂಗ ಗೊತ್ತಾತು?" ಎಂದು ಕೇಳಿದಳು. ಅವತ್ತು ಗಂಟೆ ಹೊಡೆದದ್ದರಿಂದ ಉತ್ತರ ಹೇಳಲಾಗಲಿಲ್ಲ. ಹೇಳಬೇಕೆಂದರೆ ಅದು ನನ್ನ ಆಯಿಯಿಂದ ಶುರುವಾಗಬೇಕು.

ಆಯಿ ಆಳಂದ ತಾಲೂಕಿನ ಹಳ್ಳಿಯವಳು. ಆಗ ನಮ್ಮದು ನಿಜಾಮರ ರಾಜ್ಯ. ಸೊಲ್ಲಾಪುರ ಇಂಗ್ರೇಜರ ಮುಂಬಯಿ ಪ್ರಾಂತ್ಯದ್ದು. ನಡುವೆ ಅಕ್ಕಲಕೋಟದ ಸಣ್ಣ ಸಂಸ್ಥಾನ. ಇವತ್ತು ಬಸ್ಸಿನಲ್ಲಿ ಕೂತು ಒಂದು ನಿದ್ದೆ ಮಾಡುವಷ್ಟರಲ್ಲಿ ಮುಗಿಯುವ ದಾರಿ ಅಂದು ಬೇರೆ ಬೇರೆ ರಾಜ್ಯಗಳ ದಾರಿ. ರೊಕ್ಕವೂ ಬೇರೆ. ನಮ್ಮಲ್ಲಿ ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ. ಹೆಚ್ಚುಕಡಿಮೆ 7 ಹಾಲಿ ರೂಪಾಯಿಗೆ 6 ಕಲ್ದಾರ. ಓದುಬರಹ ಬಾರದ ನಮ್ಮ ಆಯಿ ಈ ಲೆಕ್ಕವನ್ನು ಬೆರಳ ಗೆಣ್ಣಿನ ಮೇಲೆ ಮಾಡುತ್ತಿದ್ದಳು. ಏಳನೆಯ ಇಯತ್ತೆಯ ಮಕ್ಕಳಿಗೆ ನಾನು ಪ್ರಮಾಣದ ಲೆಕ್ಕ ಕಲಿಸುವಾಗಲೆಲ್ಲ ಅವಳ ಬೆರಳುಗಳೇ ನೆನಪಾಗುತ್ತವೆ.

ಮದುವೆಯ ಬಸ್ತಾ ಎಂದರೆ ಸೊಲ್ಲಾಪುರವೇ. ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆಗೆ ಹೋದವರು ದೇವರಿಗೆ ಕಾಯಿ ಒಡೆಸಿ, ಸೀರೆ ಅಂಗಡಿ ಹತ್ತಿಯೇ ತಿರುಗುತ್ತಿದ್ದರು. ಆ ಊರಿನಲ್ಲಿ 1877ರಲ್ಲೇ ದೊಡ್ಡ ನೂಲಿನ ಗಿರಣಿ ಶುರುವಾಗಿತ್ತು. ಅದನ್ನು ಜನ 'ಜುನಿ ಮಿಲ್' ಎಂದು ಕರೆದರು. ಗಿರಣಿಯ ಜತೆಗೆ ಸಾವಿರಾರು ಕೈಮಗ್ಗ. ಆ ಮಗ್ಗಗಳಲ್ಲಿ ಕೂತವರಲ್ಲಿ ಬಹಳ ಮಂದಿ ತೆಲಂಗಾಣದ ಪದ್ಮಶಾಲಿಗಳು, ಎಂದರೆ ನಮ್ಮದೇ ನಿಜಾಮರ ಸೀಮೆಯಿಂದ ಹೊಟ್ಟೆಪಾಡಿಗೆ ಗಡಿ ದಾಟಿ ಹೋದವರು. ನೇಯುವವರು ಗಡಿ ದಾಟಿ ಆ ಕಡೆ ಹೋದರು, ನೇಯ್ದದ್ದು ಗಡಿ ದಾಟಿ ಈ ಕಡೆ ಬಂತು.

ಬರುವಾಗ ಸುಂಕ ಕೊಡಬೇಕಿತ್ತು. ನಿಜಾಮರ ಸುಂಕದ ಇಲಾಖೆಗೆ 'ಕರೋಡಗಿರಿ' ಎಂದು ಹೆಸರು. ಹೊರಗಿನಿಂದ ತಂದ ಸರಕಿಗೆ ನೂರಕ್ಕೆ ಐದರಂತೆ ಕಟ್ಟಿಸಿಕೊಳ್ಳುತ್ತಿದ್ದರು. ಆಯಿ ಒಮ್ಮೆ ದುಧನಿ ಸ್ಟೇಶನ್ನಿನಲ್ಲಿ ಇಳಿದು ಚಕ್ಕಡಿಯಲ್ಲಿ ಬರುವಾಗ, ಒಂದರ ಮೇಲೊಂದು ಎರಡು ಹೊಸ ಸೀರೆ ಉಟ್ಟು, ಮೂರನೆಯದನ್ನು ಕಂಕುಳಲ್ಲಿದ್ದ ಕೂಸಿಗೆ ಸುತ್ತಿ ನಾಕೆ ದಾಟಿದಳಂತೆ. ಬೇಸಗೆಯ ಬಿಸಿಲು, ಒಂಬತ್ತು ವಾರಿಯ ಸೀರೆ ಎರಡು! ಸಿಪಾಯಿ ಕೂಸಿನ ಕಡೆ ನೋಡಿ "ಇಸಕೋ ಬುಖಾರ ಹೈ ಕ್ಯಾ?" ಎಂದು ಕೇಳಿದ್ದಕ್ಕೆ, "ಹಾಂ ಸಾಹೇಬ" ಅಂದಳಂತೆ. ಆ ಕೂಸು ನಮ್ಮಪ್ಪ. ಸಾಯುವ ತನಕ ಅಪ್ಪ ಇದನ್ನು ಹೇಳಿ ನಗುತ್ತಿದ್ದ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮಶಾಹಿ ಮುಗಿಯಿತು. ಆ ಮೇಲೆ ನಾಕೆಗಳೂ ಹೋದವು, ಹಾಲಿ ಸಿಕ್ಕಾವೂ ಹೋಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸೀರೆಗೆ ಸೊಲ್ಲಾಪುರಕ್ಕೆ ಹೋಗುವುದು ಮಾತ್ರ ತಪ್ಪಲಿಲ್ಲ.

ಗುಲ್ಬರ್ಗಾದಲ್ಲಿಯೂ ಗಿರಣಿ ಇತ್ತು. ಆರನೆಯ ನಿಜಾಮ ಮಹಬೂಬ ಅಲಿ ಖಾನರ ಹೆಸರಿನ ಮಹಬೂಬ ಶಾಹಿ ಮಿಲ್. ಜನರ ಬಾಯಲ್ಲಿ ಎಂ.ಎಸ್.ಕೆ. ಮಿಲ್. ನಾನು ಬಿ.ಎಡ್. ಓದುವಾಗ ಬಜಾರಿನಲ್ಲಿ ತುಂಡು ಬಟ್ಟೆ ತೂಕಕ್ಕೆ ಸಿಗುತ್ತಿತ್ತು. ಹಾಸ್ಟೆಲಿನ ನಾಲ್ವರು ಸೇರಿ ಒಂದು ಕಿಲೋ ತಂದು ಝಂಪರು ಹೊಲಿಸಿಕೊಳ್ಳುತ್ತಿದ್ದೆವು. ಬೆನ್ನಿಗೆ ಒಂದು ಬಣ್ಣ, ತೋಳಿಗೆ ಒಂದು ಬಣ್ಣ. ಈಗ ಅದಕ್ಕೆ ಫ್ಯಾಶನ್ ಅನ್ನುತ್ತಾರೆ, ಆಗ ಬಟ್ಟೆ ಸಾಲದ್ದಕ್ಕೆ ಹಾಗೆ ಹೊಲಿಸುತ್ತಿದ್ದೆವು. 1990ರ ದಶಕದಲ್ಲಿ ಆ ಮಿಲ್ ನಿಂತಿತು. ಈಗ ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಎಂದರೆ ಬರೀ ಬಡಾವಣೆಯ ಹೆಸರು.

ಇನ್ನು ಅವ್ವನ ಕಾಲದ ಅಗ್ಗದ ಬಟ್ಟೆ ಎಂದರೆ ಜನತಾ ಸೀರೆ. ಕರ್ನಾಟಕದಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ 1975ರಲ್ಲಿ ಹುಟ್ಟಿತು. ಮರುವರ್ಷ ಕೇಂದ್ರ ಸರಕಾರ ಜನತಾ ಬಟ್ಟೆಯ ಯೋಜನೆ ತಂದಿತು. ನೇಕಾರನಿಗೆ ನೂಲೂ ಕೂಲಿಯೂ ಸಿಗಲಿ, ಬಡವರಿಗೆ ಮೈಮುಚ್ಚಲು ಬಟ್ಟೆ ಸಿಗಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಸೀರೆ ಬಿರುಸು, ಬಣ್ಣ ಮಂಕು. ದೂರದಿಂದಲೇ ಇದು ಜನತಾ ಎಂದು ತಿಳಿಯುತ್ತಿತ್ತು. ಅವ್ವ ಏನು ಮಾಡಿದಳು ಗೊತ್ತೇ? ಹರಿದ ಇಳಕಲ್ ಸೀರೆಯ ದಡಿಯನ್ನು ಹುಷಾರಾಗಿ ಕತ್ತರಿಸಿ ಆ ಜನತಾ ಸೀರೆಗೆ ಕೂಡಿಸಿ ಹೊಲಿದಳು. ಅದನ್ನು ಉಟ್ಟು ದೇವಲ ಗಾಣಗಾಪುರಕ್ಕೆ ಹೋದಾಗ ಸಂಗಮದಲ್ಲಿ ಒಬ್ಬ ಹೆಂಗಸು ಬೆನ್ನು ಹತ್ತಿ ಬಂದು ಕೇಳಿದಳು: "ಯಕ್ಕಾ, ಎಷ್ಟಕ್ಕ ತಗೊಂಡೀರಿ?" ಅವ್ವ ಭೀಮೆಯಲ್ಲಿ ಮುಳುಗಿ ಎದ್ದಷ್ಟು ಸಂತೋಷಪಟ್ಟಳು.

ಅವ್ವನ ತವರು ಸಿಂದಗಿ ಸೀಮೆ. ಕಸೂತಿ ಅವಳ ಕೈಯಲ್ಲಿತ್ತು. ಮದುವೆಗೆ ಬಂದ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಅವಳು ತೇರು, ತುಳಸಿಕಟ್ಟೆ, ಆನೆಗಳ ಸಾಲು ಹಾಕಿದ್ದಳು. ಕಸೂತಿಗೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆ. ಗವಂತಿ, ಮುರಗಿಯಲ್ಲಿ ಹಿಂದೂ ಮುಂದೂ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಒಂದು ಎಳೆ ತಪ್ಪಿದರೆ ಚಿತ್ರ ಕೆಡುತ್ತದೆ. ಅವ್ವನಿಗೂ ಒಂದು ಕಡೆ ಎಣಿಕೆ ತಪ್ಪಿತ್ತು. ಸಾಲಿನ ಕೊನೆಯ ಆನೆಯ ಒಂದು ಕಾಲು ಗಿಡ್ಡ. "ಅದು ಕುಂಟಾನಿ" ಎಂದು ನಾವು ಮಕ್ಕಳು ಆಡಿಕೊಳ್ಳುತ್ತಿದ್ದೆವು.

ಆ ಸೀರೆಯನ್ನು ಅವ್ವ ನನ್ನ ಮದುವೆಯಲ್ಲಿ ನನಗೆ ಕೊಟ್ಟಳು. ಸೆರಗು ಅಲ್ಲಲ್ಲಿ ಪಿಸಿದಿತ್ತು. ನಾನು ಅದನ್ನು ಉಡಲೇ ಇಲ್ಲ. ಆಗ ಸಿಂಥೆಟಿಕ್ ಸೀರೆಗಳ ಕಾಲ. ನೀರಿಗೆ ಹಾಕಿ ತೆಗೆದರೆ ಸಾಕು, ಇಸ್ತ್ರಿ ಬೇಡ, ಶಾಲೆಗೆ ಹೋಗುವವರಿಗೆ ಬಲು ಅನುಕೂಲ.

1997ರಲ್ಲಿ ನಾವು ಜೇವರ್ಗಿಯಲ್ಲಿದ್ದೆವು. ಹಳೆ ಬಟ್ಟೆಗೆ ಸ್ಟೀಲ್ ಭಾಂಡೆ ಕೊಡುವ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಮುಚ್ಚಳದ ಒಂದು ದೊಡ್ಡ ಡಬ್ಬಿಗೆ ನನ್ನ ಮನಸ್ಸು ಹೋಯಿತು. ಅವಳು ಏಳು ಬಟ್ಟೆ ಕೇಳಿದಳು, ನಾನು ನಾಲ್ಕು ಅಂದೆ. ಕಡೆಗೆ ಐದಕ್ಕೆ ಬಂತು. ಐದನೆಯದಕ್ಕೆ ಕೈಗೆ ಸಿಕ್ಕಿದ್ದು ಚಂದ್ರಕಾಳಿ. ಅವಳು ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಜರಿ ಇಲ್ಲಲ್ಲ ಬಾಯಿ" ಎಂದು ಮುಖ ಸಿಂಡರಿಸಿದಳು. ಹಳೆ ಜರಿ ಸೀರೆಯಾದರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ, ಅದಕ್ಕೇ ಬೆಲೆ. ಉಡಲು ಬರುವಂಥವನ್ನು ತೇಪೆ ಹಾಕಿ ಹಳೆ ಬಟ್ಟೆಯ ಪೇಟೆಯಲ್ಲಿ ಮಾರುತ್ತಾರೆ. ಉಳಿದದ್ದು ಯಂತ್ರ ಒರೆಸುವ ಚಿಂದಿ. ಇಳಕಲ್ ಸೆರಗಿನಲ್ಲಿ ಇರುವುದು ರೇಷ್ಮೆ, ಬೆಳ್ಳಿಯಲ್ಲ. ಆದರೂ ಅವಳು ತೆಗೆದುಕೊಂಡು ಹೋದಳು. ಏಳರ ಡಬ್ಬಿ ಐದಕ್ಕೆ ಬಂತೆಂದು ನಾನು ಓಣಿಗೆಲ್ಲ ಹೇಳಿದೆ.

ಪಂಚಮಿಗೆ ತವರಿಗೆ ಹೋದಾಗ ಅವ್ವ ಕೇಳಿದಳು, "ಆ ಚಂದ್ರಕಾಳಿ ತಂದಿದ್ದರ ಕೌದಿ ಒಳಗ ಹಾಕ್ತಿದ್ದೆ. ಕೂಸಿಗಿ ಬೆಚ್ಚಗ ಆಗ್ತಿತ್ತು." ನಾನು "ಟ್ರಂಕಿನ್ಯಾಗ ಅದವ್ವ, ಮುಂದಿನ ಸಲ ತರ್ತೀನಿ" ಅಂದೆ. ಮುಂದಿನ ಸಲವೂ ಹಾಗೇ ಅಂದೆ. ಅವ್ವ ಆ ಮೇಲೆ ಕೇಳಲಿಲ್ಲ. ಮರೆತಳೋ, ತಿಳಿದು ಸುಮ್ಮನಾದಳೋ, ಅವಳು ತೀರಿಕೊಂಡ ಮೇಲೆ ಯಾರನ್ನು ಕೇಳಲಿ?

ಕೆಲವು ವರ್ಷಗಳ ಹಿಂದೆ ಮಗಳ ಜತೆ ಬೆಂಗಳೂರಿನಲ್ಲಿ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಹಳೆ ಇಳಕಲ್ ಸೀರೆಗಳನ್ನು ಕತ್ತರಿಸಿ ಹೊಲಿದ ಜಾಕೀಟುಗಳು ತೂಗಾಡುತ್ತಿದ್ದವು. ಒಂದರ ಬೆನ್ನ ಮೇಲೆ ಕಸೂತಿಯ ಆನೆಗಳು. ಬೆಲೆ ಚೀಟಿಯಲ್ಲಿ 8,500. ನಾನು ಅಲ್ಲೇ ಕನ್ನಡಕ ಹಾಕಿಕೊಂಡು ಆನೆಗಳ ಕಾಲು ನೋಡತೊಡಗಿದೆ. ಎಲ್ಲ ಕಾಲುಗಳೂ ಸರಿಯಾಗಿದ್ದವು. ಮಗಳು "ಏನ್ ನೋಡ್ಲಕತ್ತೀ ಮಮ್ಮಿ?" ಅಂದಳು. ಏನೂ ಇಲ್ಲ ಅಂದೆ. ಈಗಲೂ ಎಲ್ಲೇ ಹಳೆಯ ಕಸೂತಿ ಕಂಡರೂ ಕೊನೆಯ ಆನೆಯ ಕಾಲು ನೋಡದೆ ಇರಲಾರೆ.

ಆ ಮೇಲೆ ಒಂದು ಬೇಸಗೆ ರಜೆಯಲ್ಲಿ ಇಳಕಲ್ಲಿಗೇ ಹೋದೆ. ಕುಣಿ ಮಗ್ಗದಲ್ಲಿ ನೇಕಾರರು ಕೂತಿದ್ದರು. ಎರಡು ದಡಿಗೆ ಎರಡು ಲಾಳಿ, ಮೈಗೆ ಒಂದು, ಹೀಗೆ ಮೂರು ಲಾಳಿಯ ಆಟ. ಮೈಯ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವುದನ್ನು 'ಕೊಂಡಿ' ಅನ್ನುತ್ತಾರೆ. ನಾನು ಸೆರಗಿನ ಹಿಂಬದಿ ಹುಡುಕುವುದು ಈ ಕೊಂಡಿಯ ಸಾಲನ್ನೇ. ಪವರ್‌ಲೂಮಿನಲ್ಲಿ ಅದು ಬರುವುದಿಲ್ಲ. ಸೀರೆಯೂ ಸೇರಿದಂತೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡಲು 1985ರಲ್ಲಿ ಕಾಯ್ದೆಯಾಯಿತು. ಇಳಕಲ್ ಸೀರೆಗೆ 2007ರ ಸುಮಾರಿಗೆ ಭೌಗೋಳಿಕ ಗುರುತು ಬಂತು. ಆದರೂ ಇಳಕಲ್ ಹೆಸರಿನ ಪವರ್‌ಲೂಮ್ ಸೀರೆ ಪೇಟೆಯ ತುಂಬ ಇದೆ. ಅಗ್ಗ ಬೇಕೆಂದು ಕೇಳುವವರು ನಾವೇ ಅಲ್ಲವೇ?

ಆ ಮನೆಯಲ್ಲಿ ಕೊಂಡಿ ಹಾಕುತ್ತಿದ್ದ ಹೆಂಗಸಿನ ಬೆರಳುಗಳನ್ನು ಅರ್ಧ ತಾಸು ನೋಡುತ್ತ ಕೂತೆ. ಆ ಮೇಲೆ ಒಂದು ಸೀರೆ ಆರಿಸಿದೆ. 4,200 ಅಂದಳು. ಇಷ್ಟೆಲ್ಲ ನೋಡಿದ ಮೇಲೂ ನನ್ನ ಬಾಯಿ ತಾನಾಗಿ "ನಾಕ್ ಸಾವಿರಕ್ಕ ಕೊಡ್ರೆವ್ವ" ಅಂದಿತು. ಅವಳು ನಕ್ಕು ನೂರು ಬಿಟ್ಟಳು. ನಾನು ಆ ನೂರನ್ನು ಉಳಿಸಿಕೊಂಡೇ ಬಂದೆ. ಸುಳ್ಳು ಯಾಕೆ ಹೇಳಲಿ?

ಆ ಸೀರೆ ಉಟ್ಟು ಶಾಲೆಗೆ ಹೋದ ದಿನ ಹೊಸ ಟೀಚರು ಸೆರಗು ತಿರುವಿ ಹಿಂಬದಿ ನೋಡಿದಳು. ಕಲಿತಿದ್ದಾಳೆ! "ಎಷ್ಟಕ್ಕ ತಗೊಂಡ್ರಿ ಮೇಡಮ್?" ಅಂದಳು. "4,200" ಅಂದೆ. ಕೊಟ್ಟದ್ದಕ್ಕಿಂತ ನೂರು ಹೆಚ್ಚು ಹೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಸ್ಟೀಲ್ ಡಬ್ಬಿ ಇನ್ನೂ ಅಡಿಗೆಮನೆಯಲ್ಲಿದೆ. ಅದರಲ್ಲಿ ಶೇಂಗಾ ಹಿಂಡಿ ತುಂಬಿಡುತ್ತೇನೆ. ಒಂದಿಷ್ಟೂ ಸೊಟ್ಟಾಗಿಲ್ಲ.