ಬಂಡೆಯ ಮೇಲೆ ನಿಲ್ಲುವ ಹಗುರ ಡೇರೆ

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಡೇರೆಯೊಂದು ಈಗ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಹೂವಿನ ಅಚ್ಚೊತ್ತಿದ ಹತ್ತಿಬಟ್ಟೆಯದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕ್ಲೈವ್ ಮನೆತನದ ಕೈಸೇರಿ ಅವರ ತೋಟದ ಔತಣಗಳಿಗೆ ನೆರಳಾಯಿತು. ಅಂಥ ಡೇರೆಯನ್ನು ಹೊರುವವರು ಬೇರೆ, ಒಳಗೆ ಮಲಗುವವರು ಬೇರೆ. ಇಬ್ಬರೂ ಒಬ್ಬನೇ ಆದಾಗ ಮಾತ್ರ ತೂಕದ ಚಿಂತೆ ಹುಟ್ಟುತ್ತದೆ. ನಮ್ಮ ಕುರಿಗಾಹಿಗಳಿಗೆ ಆ ಚಿಂತೆ ಹಳೆಯದು. ಹಗಲು ಹೆಗಲಿಗೆ, ಮಳೆ ಬಂದರೆ ಕೊಪ್ಪೆಗೆ, ರಾತ್ರಿ ಹೊದೆಯಲು, ಎಲ್ಲಕ್ಕೂ ಒಂದೇ ಕಂಬಳಿ. ನೆನೆದರೆ ಭಾರ, ಒಣಗಲು ನಿಧಾನ, ನಿಜ. ಆದರೆ ಒಂದರಿಂದ ಮೂರು ಕೆಲಸ ತೆಗೆಯುವ ಈ ಜಾಣತನಕ್ಕೆ ಯುರೋಪಿನ ಪರ್ವತಾರೋಹಿಗಳು ಬಂದದ್ದು ತಡವಾಗಿ.

1860ರ ದಶಕದಲ್ಲಿ ಎಡ್ವರ್ಡ್ ವಿಂಪರ್ ಆಲ್ಪ್ಸ್‌ಗಾಗಿ ರೂಪಿಸಿದ ಡೇರೆ ಸುಮಾರು 10 ಕೆಜಿ ತೂಗುತ್ತಿತ್ತು. ಗಟ್ಟಿಮುಟ್ಟಾದದ್ದೇ, ಹೊರಲು ಆಳು ಬೇಕು. ಕೆಲವೇ ದಶಕಗಳಲ್ಲಿ ಎ. ಎಫ್. ಮಮ್ಮರಿ ಕಂಬಗಳನ್ನೇ ಕೈಬಿಟ್ಟ. ಹೇಗೂ ಕೈಯಲ್ಲಿದ್ದ ಹಿಮಗೊಡಲಿಗಳನ್ನು ನೆಟ್ಟು, ಅವುಗಳ ಮೇಲೆ ತೆಳು ರೇಷ್ಮೆ ಹರಡಿದ. ಊರುಗೋಲುಗಳನ್ನೇ ಕಂಬವಾಗಿಸುವ ಇಂದಿನ ಡೇರೆಗಳೆಲ್ಲ ಅದೇ ಜಾಡಿನವು. 1955ರಲ್ಲಿ 67ರ ಎಮ್ಮಾ ಗೇಟ್‌ವುಡ್ ಅಮೆರಿಕದ ಅಪಲಾಚಿಯನ್ ಹಾದಿಯನ್ನು ಕೊನೆಮುಟ್ಟಿಸಿದಾಗ ಆಕೆಯ ಬಳಿ ಡೇರೆಯೇ ಇರಲಿಲ್ಲ, ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯೊಂದಿತ್ತು. ತೊಂಬತ್ತರ ದಶಕದಲ್ಲಿ ಚಾರಣಿಗ ರೇ ಜಾರ್ಡಿನ್ ತಾನೇ ಹೊಲಿದ ಬರೀ ಸೂರುಬಟ್ಟೆ ಸಾಕೆಂದು ಪುಸ್ತಕ ಬರೆದು ಒಂದು ಪಂಥವನ್ನೇ ಕಟ್ಟಿದ. ನಡುವೆ, ಎಪ್ಪತ್ತರ ದಶಕದಿಂದ, ಬಾಗುವ ಕಡ್ಡಿಗಳ ಗುಮ್ಮಟ ಡೇರೆ ಅಂಗಡಿಗಳನ್ನು ಆಳಿತು. ಬೆಂಗಳೂರಿನ ಚಾರಣ ಸಾಮಗ್ರಿ ಕಂಪನಿ ವೈಲ್ಡ್‌ಕ್ರಾಫ್ಟ್‌ನ ಕಥೆಯೂ ಗುಮ್ಮಟದಿಂದಲೇ ಶುರುವಾಗುತ್ತದೆ.

ಬಟ್ಟೆಯ ಚರಿತ್ರೆ ನಮಗೆ ಇನ್ನೂ ಹತ್ತಿರದ್ದು. ದಾರದ ದಪ್ಪವನ್ನು ಅಳೆಯುವುದು ಡೆನಿಯರ್‌ನಲ್ಲಿ, ಅಂದರೆ 9,000 ಮೀಟರ್ ದಾರದ ಗ್ರಾಂ ತೂಕದಲ್ಲಿ. ಇದು ರೇಷ್ಮೆ ವ್ಯಾಪಾರದ ಅಳತೆ. ದೇವನಹಳ್ಳಿ ಬಳಿಯ ವಿಜಯಪುರದ ನೂಲು ಬಿಚ್ಚುವವರಿಗೂ ದೊಡ್ಡಬಳ್ಳಾಪುರದ ಮಗ್ಗದವರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. 20 ಡೆನಿಯರ್ ನೈಲಾನಿನ ಎರಡೂ ಮೈಗೆ ಸಿಲಿಕೋನ್ ಬಳಿದದ್ದೇ ಇಂದಿನ ಹಗುರ ಡೇರೆಗಳ ಸಾಮಾನ್ಯ ಬಟ್ಟೆ. ಒದ್ದೆಯಾದರೆ ನೈಲಾನ್ ಜೋಲುತ್ತದೆ. ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕು. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಹಾಯಿದೋಣಿಗಳ ಲೋಕದಿಂದ ಬಂದ ಡೈನೀಮಾ ಹಾಳೆ ಇವೆರಡಕ್ಕಿಂತ ಎಷ್ಟೋ ಹಗುರ, ಆದರೆ ಬೆಲೆ ಕೇಳಿದರೆ ಕಂಬಳಿಯೇ ವಾಸಿ ಅನ್ನಿಸೀತು.

ಇಷ್ಟೆಲ್ಲ ಬೆಳವಣಿಗೆ ನಡೆದದ್ದು ಹಿಮ ಅಥವಾ ಕಾಡಿನ ಮಣ್ಣನ್ನು ಕಣ್ಣಮುಂದಿಟ್ಟುಕೊಂಡು. ಆದರೆ ನಮ್ಮ ಶಿವಗಂಗೆ, ಮಾಕಳಿದುರ್ಗದ ಬೆಟ್ಟಗಳದ್ದು ಬೋಳು ಬಂಡೆ, ಗೂಟ ಇಳಿಯದು. ಹಗ್ಗ ಎಳೆದರಷ್ಟೇ ನಿಲ್ಲುವ ಊರುಗೋಲಿನ ಡೇರೆ ಇಲ್ಲಿ ಮೊದಲೇ ಸೋಲುತ್ತದೆ. ತನ್ನ ಕಾಲ ಮೇಲೆ ನಿಲ್ಲುವ ಗುಮ್ಮಟ ಅರ್ಧ ಕೆಜಿ ಹೆಚ್ಚು ತೂಗಿದರೂ ಬಚಾವು. ಊರುಗೋಲಿನದ್ದೇ ಬೇಕೆಂದರೆ ಮೂಲೆಗೊಂದು ಉದ್ದನೆಯ ಹಗ್ಗವಿರಲಿ. ಅದನ್ನು ಸಣ್ಣ ಕಲ್ಲಿಗೆ ಸುತ್ತಿ, ಡೇರೆಯ ಕಡೆಯಿಂದ ದೊಡ್ಡ ಕಲ್ಲೊಂದನ್ನು ಹಗ್ಗದ ಮೇಲೇ ಅಡ್ಡ ಇಟ್ಟರೆ ಸಣ್ಣದು ಜಾರಿ ಬರದು.

ಎರಡನೆಯ ಶತ್ರು ಇಬ್ಬನಿ. ಡಿಸೆಂಬರಿನ ತಿಳಿಯಾದ ಇರುಳಲ್ಲಿ ತೆಳು ಬಟ್ಟೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಮಲಗಿದವರ ಉಸಿರಿನ ತೇವ ಅದರ ಒಳಮೈಯಲ್ಲಿ ನೀರಾಗುತ್ತದೆ. ಬೆಳಿಗ್ಗೆ ಹಾಸಿಗೆ ಒದ್ದೆ ಕಂಡವರು ಡೇರೆ ಸೋರಿತೆಂದು ಅಂಗಡಿಯವನನ್ನು ಬೈಯುತ್ತಾರೆ. ಬಟ್ಟೆಯ ಅಂಚನ್ನು ನೆಲದಿಂದ ಗೇಣೆತ್ತರಕ್ಕೆ ಬಿಟ್ಟು, ಒಳಗೆ ಸೊಳ್ಳೆಬಲೆಯ ಇನ್ನೊಂದು ಪದರ ಕಟ್ಟುವುದೇ ಇದಕ್ಕೆ ಮದ್ದು. ಜೂನ್ ಬಂದರೆ ಅದೇ ಅಂಚಿನಡಿಯಿಂದ ಪಡುವಣ ಗಾಳಿ ಮಳೆಯನ್ನು ಒಳಗೆ ಎರಚುತ್ತದೆ. ಹಾಗಾಗಿ ಅಂಚು ಏರಿಸಿ ಇಳಿಸುವಂತಿರಬೇಕು. ಚಳಿಗಾಲಕ್ಕೊಂದು, ಮಳೆಗಾಲಕ್ಕೊಂದು ಎಂದು ಕೊಳ್ಳುವ ಅಗತ್ಯವಿಲ್ಲ.

ಇನ್ನು ಅಳತೆಯ ಮಾತು. ಒಬ್ಬರಿಗೆ 80 ಸೆಂಟಿಮೀಟರ್ ಅಗಲ ಸಾಕು, ಇಬ್ಬರಿಗೆ 125 ಬೇಕು. ಇಬ್ಬರೆಂದು ಬಟ್ಟೆ ಇಮ್ಮಡಿಯಾಗುವುದಿಲ್ಲ, ಹೊರೆಯನ್ನೂ ಹಂಚಿಕೊಳ್ಳಬಹುದು; ತಲೆಲೆಕ್ಕದಲ್ಲಿ ಜೋಡಿ ಡೇರೆಯೇ ಹಗುರ. ನಡುವೆ ಒಂಟಿ ಕಂಬವಿರುವ ಗೋಪುರದ ಬಗೆ ಒಬ್ಬರಿಗೆ ಸರಿ, ಇಬ್ಬರಿಗೆ ಅದು ಹಾಸಿಗೆಯ ಮಧ್ಯದ ಗೋಡೆ. ತೂಕದ ಹುಚ್ಚಿನಲ್ಲಿ ಕೆಲವರು ಜೋಡಿ ಡೇರೆಗೂ ಒಂದೇ ಬಾಗಿಲು ಇಡುತ್ತಾರೆ. ಇನ್ನೊಂದು ಜಿಪ್‌ನ ತೂಕ ಹೊತ್ತರೂ ಸರಿ, ರಾತ್ರಿ ಒಬ್ಬರನ್ನೊಬ್ಬರು ತುಳಿದುಕೊಂಡು ಹೊರಗೆ ಹೋಗುವುದು ತಪ್ಪುತ್ತದೆ.