ಬೀಳೆಂದು ಬರೆಸಿಕೊಂಡ ಕಾವಲುಗಳು

ಬೇಸಿಗೆಯಲ್ಲಿ ಕಡೂರು, ಅಜ್ಜಂಪುರ ಸೀಮೆಯ ಹುಲ್ಲು ಬಯಲನ್ನು ಕಂಡವರು ಅದನ್ನು ಬರಡು ನೆಲವೆಂದೇ ತಿಳಿಯುತ್ತಾರೆ. ಮುಂಗಾರಿನ ಎರಡು ಮಳೆ ಬಿದ್ದ ಮೇಲೆ ನೋಡಿದವರು ಹಾಗೆನ್ನಲಾರರು. ದುರದೃಷ್ಟವೆಂದರೆ, ನಮ್ಮ ಸರಕಾರಿ ಕಡತಗಳು ಈ ನೆಲವನ್ನು ಬಹುಕಾಲ ಬೇಸಿಗೆಯ ಕಣ್ಣಿನಿಂದಲೇ ನೋಡಿವೆ.

ಮೈಸೂರಿನ ಅರಸರಿಗೆ ಇದರ ಬೆಲೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರಲಿ ಬೆಳೆಸಿದನು. ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ್ ಮಹಲ್' ಎಂದು ಹೆಸರಿಟ್ಟು, ರಾಸುಗಳ ಪಾಲನೆಗೆ ಹುಕುಂನಾಮೆ ಹೊರಡಿಸಿದನು. ಫಿರಂಗಿ ಎಳೆಯುವ ಎತ್ತುಗಳು ಬೇಕಾಗಿದ್ದವು ಎಂಬುದು ನಿಜ. ಆದರೆ ಆ ವ್ಯವಸ್ಥೆಯ ಒಳಗೊಂದು ತಿಳುವಳಿಕೆಯೂ ಇತ್ತು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಇನ್ನೊಂದು, ಚಳಿಗಾಲಕ್ಕೆ ಮತ್ತೊಂದು. ಹಿಂಡು ಮುಂದೆ ಸಾಗಿದರೆ ಹಿಂದಿನ ಹುಲ್ಲು ಮತ್ತೆ ಚಿಗುರುತ್ತಿತ್ತು. ಯಾವ ಕಾವಲಿನಲ್ಲಿ ನೀರಿದೆ, ಎಲ್ಲಿ ನೆರಳಿದೆ ಎಂಬ ಲೆಕ್ಕವಿಲ್ಲದೆ ಇದು ನಡೆಯುವಂತಿರಲಿಲ್ಲ. ಪರಿಸರ ಮೌಲ್ಯಮಾಪನವೆಂದು ಇಂದು ನಾವು ಕರೆಯುವುದರ ಹಳೆಯ ರೂಪ ಇದೇ ಅಲ್ಲವೇ?

ಬ್ರಿಟಿಷರು ಬೇರೆ ಲೆಕ್ಕ ಹಾಕಿದರು. ಖರ್ಚು ಉಳಿಸಲೆಂದು 1860ರಲ್ಲಿ ಹಿಂಡುಗಳನ್ನು ಮಾರಿದರು. ಒಳ್ಳೆಯ ಎತ್ತುಗಳ ಅಭಾವ ತಲೆದೋರಿದಾಗ, 1866ರಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಬೇಕಾಯಿತು. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ.

ಸ್ವತಂತ್ರ ಭಾರತದ ಲೆಕ್ಕ ಹೇಗಿತ್ತು? ಅರಣ್ಯ ಸ್ಥಿತಿ ವರದಿ 1987ರಿಂದ ಪ್ರಕಟವಾಗುತ್ತಿದೆ. ಅದರ ಅಳತೆಗೋಲು ಮರದ ಹಸಿರು ಚಪ್ಪರ. ಹೀಗಾಗಿ ತರೀಕೆರೆಯ ಪಶ್ಚಿಮದ ಭದ್ರಾ ಕಾಡು ಅದರಲ್ಲಿ ಎದ್ದು ಕಾಣುತ್ತದೆ, ಪೂರ್ವದ ಹುಲ್ಲುಗಾವಲು ಕಾಣುವುದಿಲ್ಲ. 2000ದಲ್ಲಿ ಹೊರಬಂದ ರಾಷ್ಟ್ರೀಯ ಬೀಳುಭೂಮಿ ಭೂಪಟವಂತೂ ಇಂಥ ನೆಲದ ಬಹುಭಾಗವನ್ನು ಬೀಳಿನ ಪಟ್ಟಿಗೇ ಸೇರಿಸಿತು. ಬೀಳೆಂದು ಬರೆದ ಮೇಲೆ ಯಾರಿಗೆ ಬೇಕಾದರೂ ಕೊಡಬಹುದಲ್ಲ! ನೆರೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಕುರಿ ಕಾಯುವವನ ನಷ್ಟವನ್ನು ಬರೆಯಲು ಆ ಭೂಪಟದಲ್ಲಿ ಅಂಕಣವೇ ಇರಲಿಲ್ಲ.

ಲೆಕ್ಕ ಬದಲಾದರೆ ನೀತಿಯೂ ಬದಲಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿನ ರಾಷ್ಟ್ರೀಯ ಪರಿಸರ ವ್ಯವಸ್ಥೆಗಳ ಮೌಲ್ಯಮಾಪನ 2011ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ತಿಂಗಳು ಅದನ್ನು ಆಧರಿಸಿದ ಸರಕಾರದ ಶ್ವೇತಪತ್ರವೂ ಬಂತು. ನಮ್ಮಲ್ಲಿ ಯೋಜನಾ ಆಯೋಗದ ಕಾರ್ಯಪಡೆಯೊಂದು ಹುಲ್ಲುಗಾವಲುಗಳ ಕಡೆಗಣನೆಯನ್ನು 2006ರಲ್ಲೇ ಎತ್ತಿ ತೋರಿಸಿತ್ತು. ಆ ವರದಿಗೆ ಅಂಥ ಭಾಗ್ಯ ಸಿಗಲಿಲ್ಲ.

ಆದರೂ 2011ರಲ್ಲೇ ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಟಿಪ್ಪುವಿನ ಎತ್ತುಗಳ ಹೆಸರು ಹೊತ್ತ ಆ ಹುಲ್ಲಿನಲ್ಲಿ ಈಗ ಕೃಷ್ಣಮೃಗಗಳು ಮೇಯುತ್ತವೆ.