ಗಂಡನ ಮೈಯಲ್ಲಿ ಹೆಂಡತಿ, ಹೆಂಡತಿಯ ಮೈಯಲ್ಲಿ ಗಂಡ

‘ಒಂದು ದಿನ ನನ್ನ ಜಾಗದಲ್ಲಿ ಇದ್ದು ನೋಡಿ, ಆಗ ಗೊತ್ತಾಗುತ್ತೆ!’ ಈ ಮಾತು ಕೇಳದ ಮನೆ ಇದೆಯಾ? ಅಮೆರಿಕದ ಥಾರ್ನ್ ಸ್ಮಿತ್ 1931ರಲ್ಲಿ ಈ ಮಾತನ್ನೇ ನಿಜ ಮಾಡಿ ಒಂದು ಕಾದಂಬರಿ ಬರೆದರು: ‘ಟರ್ನ್‌ಅಬೌಟ್’.

ದೇಹ ಅದಲು ಬದಲಾಗುವ ಕಥೆ ಅದಕ್ಕೂ ಹಳೆಯದು. 1882ರಲ್ಲೇ ಇಂಗ್ಲೆಂಡಿನ ಎಫ್. ಆನ್‌ಸ್ಟಿ ‘ವೈಸ್ ವರ್ಸಾ’ದಲ್ಲಿ ಅಪ್ಪ ಮಗನನ್ನು ಹೀಗೆ ಬದಲಿಸಿದ್ದರು. ಅದರಲ್ಲಿ ಮಾಯೆ ಮಾಡೋದು ಭಾರತದಿಂದ ಬಂದ ‘ಗರುಡ ಕಲ್ಲು’. ಪಶ್ಚಿಮದವರಿಗೆ ಮಾಟ ಅಂದ್ರೆ ಪೂರ್ವದಿಂದಲೇ ಬರಬೇಕು ನೋಡಿ! ಸ್ಮಿತ್ ಕೂಡ ಈಜಿಪ್ಟಿನ ವಿಗ್ರಹವನ್ನೇ ಹಿಡಿದರು.

ಟಿಮ್‌ಗೆ ಹೆಂಡತಿ ಸ್ಯಾಲಿ ಬದುಕು ಆರಾಮ ಅನ್ನಿಸುತ್ತೆ, ಅವಳಿಗೆ ಇವನದು. ಜಗಳ ಕೇಳಿ ಕೇಳಿ ಸಾಕಾದ ಮನೆಯ ವಿಗ್ರಹ ಇಬ್ಬರ ಮೈಯನ್ನೂ ಬದಲಿಸಿಬಿಡುತ್ತೆ. ಸ್ಯಾಲಿ ಗಂಡನ ಮೈಯಲ್ಲಿ ಜಾಹೀರಾತು ಆಫೀಸಿಗೆ ಹೊರಡಬೇಕು. ಟಿಮ್? ಹೆಂಡತಿಯ ಮೈಯಲ್ಲಿ ಬಸಿರಾಗ್ತಾನೆ. ನಗು ಇದ್ದೇ ಇದೆ, ಆದರೆ ಹೊಟ್ಟೆ ಹೊತ್ತುಕೊಂಡು ಓಡಾಡೋದು ಏನು ಅಂತ ಗಂಡಸಿಗೆ ಗೊತ್ತಾಗೋದು ಇಲ್ಲೇ.

1940ರಲ್ಲಿ ಹಾಲ್ ರೋಚ್ ಇದನ್ನು ಸಿನಿಮಾ ಮಾಡಿದರು. ಕ್ಯಾರೊಲ್ ಲ್ಯಾಂಡಿಸ್ ಬಾಯಿ ತೆರೆದರೆ ಗಂಡಸಿನ ದನಿ, ಜಾನ್ ಹಬರ್ಡ್ ಬಾಯಲ್ಲಿ ಹೆಣ್ಣಿನ ದನಿ! ತಮಾಷೆ ಚೆನ್ನಾಗಿದೆ. ಬಸಿರು ಮಾತ್ರ ಕೊನೆಯ ಜೋಕಿಗೆ ಇಳಿದುಬಿಟ್ಟಿದೆ: ಮೈಗಳನ್ನು ವಾಪಸ್ ಬದಲಿಸುವಾಗ ವಿಗ್ರಹ ಎಡವಟ್ಟು ಮಾಡಿ, ಮಗುವನ್ನು ಟಿಮ್ ಹೊಟ್ಟೆಯಲ್ಲೇ ಬಿಟ್ಟಿರುತ್ತೆ. ಅಲ್ಲಿಗೆ ಸಿನಿಮಾ ಮುಗೀತು. ಕಾದಂಬರಿಯ ಟಿಮ್ ಪಟ್ಟ ಪಾಡು ಇವನಿಗಿಲ್ಲ. ಸ್ಮಿತ್ ಇದನ್ನು ನೋಡಲೇ ಇಲ್ಲ, 1934ರಲ್ಲೇ ತೀರಿಕೊಂಡಿದ್ದರು.